ಕ್ಲೌಡ್ ಬಿಲ್ ಓದೋದು ಹೇಗೆ? ಕಾಮರ್ಸ್ ಓದಿದವರಿಗೊಂದು ಕೈಪಿಡಿ

ಭದ್ರಾವತಿಯ ಹೊಸಮನೆಯಲ್ಲಿ ಬೆಳೆದವರಿಗೆ ‘ವೆಚ್ಚ ಕಡಿತ’ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಕಬ್ಬಿಣ ತಯಾರಿಸಲು ಶುರುಮಾಡಿದ ಕಾರ್ಖಾನೆ ಇಂದಿನ ವಿಐಎಸ್ಎಲ್. ಅದನ್ನು ಮುಚ್ಚಲು 2023ರ ಜನವರಿಯಲ್ಲಿ ಸೈಲ್ ತೀರ್ಮಾನಿಸಿದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದದ್ದನ್ನು ಊರೇ ನೋಡಿದೆ.

ಏಳು ವರ್ಷ ಟ್ಯಾಲಿ, ಜಿಎಸ್‌ಟಿ ರಿಟರ್ನ್ ನೋಡಿಕೊಂಡಿದ್ದ ನನಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಕೊಟ್ಟ ಮೊದಲ ಕೆಲಸವೂ ಅದೇ: ಕ್ಲೌಡ್ ಬಿಲ್ ಏರ್ತಿದೆ, ಎಲ್ಲಿ ಕತ್ತರಿ ಹಾಕಬಹುದು, ಪಟ್ಟಿ ಮಾಡಿ. ನನಗೆ ಆ ಬಿಲ್ ಓದೋಕೇ ಬರ್ತಿರಲಿಲ್ಲ. ಬರ್ತಿದ್ದದ್ದು ಸಂಬಳದ ಪಟ್ಟಿ ಓದೋಕೆ. ಹಾಗಾಗಿ ಮೊದಲು ಕಣ್ಣಿಗೆ ಬಿದ್ದದ್ದು ಇಬ್ಬರು ಗುತ್ತಿಗೆ ಟೆಸ್ಟರ್‌ಗಳ ಹುದ್ದೆ. ಪಟ್ಟಿ ಕಳಿಸುವ ಮುನ್ನ ಎರಡು ವಾರ ಸಮಯ ಕೇಳಿದೆ. ಕಲಿತದ್ದು ಇಷ್ಟು.

ಹಳೇ ಲೆಕ್ಕ ಯಾಕೆ ನಡೆಯಲ್ಲ?

ಮೊದಲು ಸರ್ವರ್ ಆಸ್ತಿಯಾಗಿತ್ತು. ಕೊಟೇಶನ್, ಮಂಜೂರಾತಿ, ಖರೀದಿ, ಆಮೇಲೆ ವರ್ಷವರ್ಷ ಸವಕಳಿ. ಕ್ಲೌಡ್‌ನಲ್ಲಿ ಅದು ಬಾಡಿಗೆ. ಎಂಜಿನಿಯರ್ ಒಂದು ಬಟನ್ ಒತ್ತಿದರೆ ಮೀಟರ್ ಓಡೋಕೆ ಶುರು. ಖರ್ಚು ಮೊದಲು, ಫೈನಾನ್ಸ್‌ನವರಿಗೆ ಗೊತ್ತಾಗೋದು ತಿಂಗಳ ಕೊನೆಗೆ. ಯಾರೂ ಬಳಸದಿದ್ದರೂ ಸರ್ವರ್ ಆನ್ ಇದ್ದಷ್ಟು ಹೊತ್ತು ದುಡ್ಡು ಹೋಗ್ತಾನೇ ಇರುತ್ತೆ.

ಮೊದಲ ಪ್ರಶ್ನೆ: ಇದು ಯಾರ ಖರ್ಚು?

ಪ್ರತಿ ಸರ್ವರ್‌ಗೂ ‘ಟ್ಯಾಗ್’ ಹಚ್ಚಬಹುದು: ಯಾವ ತಂಡ, ಯಾವ ಕೆಲಸ, ಪರೀಕ್ಷೆಗೋ ಗ್ರಾಹಕರಿಗೋ. ನಮ್ಮ ಭಾಷೆಯಲ್ಲಿ ಇದು ಲೆಕ್ಕಶೀರ್ಷಿಕೆ. ಟ್ಯಾಗ್ ಇಲ್ಲದ್ದೆಲ್ಲ ಸಸ್ಪೆನ್ಸ್ ಅಕೌಂಟ್. ಅದು ದೊಡ್ಡದಿದ್ದಷ್ಟೂ ಯಾರನ್ನೂ ಕೇಳೋಕಾಗಲ್ಲ.

ಎಲ್ಲಿ ಉಳಿಯುತ್ತೆ?

1. ವಾರಕ್ಕೆ 168 ಗಂಟೆ. ಪರೀಕ್ಷೆಯ ಸರ್ವರ್‌ಗಳು ಬೇಕಿರೋದು ದಿನಕ್ಕೆ 10 ಗಂಟೆಯಂತೆ ಐದು ದಿನ, ಅಂದ್ರೆ 50 ಗಂಟೆ. ಉಳಿದ ಹೊತ್ತು ಆಫ್ ಮಾಡಿದರೆ ಅವುಗಳ ಬಾಡಿಗೆಯಲ್ಲಿ ಸುಮಾರು 70% ಉಳಿತಾಯ.

2. ಸರ್ವರ್ ಅಳಿಸಿದ ಮೇಲೂ ಅದರ ಡಿಸ್ಕ್, ಬ್ಯಾಕಪ್ ಉಳಿದುಕೊಂಡಿರಬಹುದು. ಅವಕ್ಕೂ ಬಾಡಿಗೆ ಇದೆ.

3. ಒಂದು ಅಥವಾ ಮೂರು ವರ್ಷದ ಬದ್ಧತೆ ಕೊಟ್ಟರೆ ರಿಯಾಯಿತಿ ಸಿಗುತ್ತೆ. ಆದರೆ ಬೇಡದ್ದನ್ನು ಆಫ್ ಮಾಡಿದ ಮೇಲಷ್ಟೇ ಬದ್ಧತೆ. ಇಲ್ಲದಿದ್ದರೆ ಪೋಲಿಗೇ ಮೂರು ವರ್ಷದ ಕರಾರು ಬರೆದುಕೊಟ್ಟಂತೆ.

4. ಡೇಟಾ ಒಳಗೆ ಹಾಕೋದು ಸಾಮಾನ್ಯವಾಗಿ ಉಚಿತ, ಹೊರಗೆ ತರೋಕೆ ಶುಲ್ಕ. ಕಂಪನಿ ಬದಲಿಸೋರನ್ನು ಕಟ್ಟಿಹಾಕುವ ಈ ಶುಲ್ಕಕ್ಕೆ ಯುರೋಪಿಯನ್ ಒಕ್ಕೂಟದ ಡೇಟಾ ಕಾಯ್ದೆ 2027ರ ಜನವರಿಯಿಂದ ತಡೆ ಹಾಕಲಿದೆ.

ಎಲ್ಲಿ ಕಲಿಯೋದು?

ಈ ವಿದ್ಯೆಗೆ ‘ಫಿನ್‌ಆಪ್ಸ್’ ಅಂತಾರೆ. ಫಿನ್‌ಆಪ್ಸ್ ಫೌಂಡೇಶನ್ 2020ರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿದೆ, ಅದರ ಚೌಕಟ್ಟನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಓದಬಹುದು. ಬೇರೆಬೇರೆ ಕಂಪನಿಗಳ ಬಿಲ್ ಒಂದೇ ರೂಪದಲ್ಲಿರಲಿ ಅಂತ ಅದು ‘ಫೋಕಸ್’ ಎಂಬ ಮಾನದಂಡದ 1.0 ಆವೃತ್ತಿಯನ್ನು 2024ರಲ್ಲಿ ತಂದಿತು. ಕೋಡಿಂಗ್ ಬೇಡ. ಎಕ್ಸೆಲ್ ಬೇಕು, ಎಂಜಿನಿಯರ್ ಪಕ್ಕ ಕೂತು ದಡ್ಡ ಪ್ರಶ್ನೆ ಕೇಳುವ ಧೈರ್ಯ ಬೇಕು.

ಇದು ಸಾರ್ವಜನಿಕ ದುಡ್ಡೂ ಹೌದು

ಕೇಂದ್ರದ ‘ಮೇಘರಾಜ್’ ಯೋಜನೆಯಡಿ ಸರ್ಕಾರಿ ಇಲಾಖೆಗಳೂ ಕ್ಲೌಡ್ ಬಳಸುತ್ತವೆ. ಮಾಹಿತಿ ಹಕ್ಕು ಅರ್ಜಿ ಹಾಕುವ ಗೆಳೆಯರು ಒಟ್ಟು ಮೊತ್ತ ಕೇಳಿ ಸುಮ್ಮನಾಗಬೇಡಿ. ಯಾವ ಸೇವೆಗೆ ಎಷ್ಟು, ಬಳಕೆಯಾಗದ್ದು ಎಷ್ಟು, ಡೇಟಾ ವಾಪಸ್ ತರುವ ಷರತ್ತೇನು ಅಂತಲೂ ಕೇಳಿ.

ನಮ್ಮ ಕಂಪನಿಯ ಪರೀಕ್ಷೆಯ ಸರ್ವರ್‌ಗಳು ರಾತ್ರಿ, ಭಾನುವಾರವೂ ಓಡ್ತಿದ್ದವು. ಅವನ್ನು ನಿಲ್ಲಿಸಿದ್ದರಲ್ಲೇ ಕೇಳಿದಷ್ಟು ಉಳಿಯಿತು. ಒಬ್ಬ ಟೆಸ್ಟರ್‌ನ ಗುತ್ತಿಗೆ ಮುಂದುವರಿಯಿತು. ಇನ್ನೊಬ್ಬರು ಸುದ್ದಿ ಕೇಳಿ ಆಗಲೇ ಕೆಲಸ ಬಿಟ್ಟಿದ್ದರು. ಬಿಲ್ ಓದೋಕೆ ನಾನು ಎರಡು ವಾರ ಮೊದಲೇ ಕಲಿತಿರಬೇಕಿತ್ತು.