ಹುಳದ ಮನೆಯ ಬಾಗಿಲು: ಅಡ್ಡಿಯಿಲ್ಲದ ಹೊತ್ತನ್ನು ಕಾಯುವ ಬಗೆ

ತಾಯಲೂರು ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರ. ಈ ಸೀಮೆಯಲ್ಲಿ ರೇಷ್ಮೆ ಸಾಕುವವರ ಮನೆಗೆ ಹೋದರೆ ಮಾತುಕತೆಯೆಲ್ಲ ಜಗುಲಿಯಲ್ಲೇ ಮುಗಿಯುತ್ತದೆ. ಕಾಫಿ ಸಿಗುತ್ತದೆ, ಹುಳದ ಮನೆಯೊಳಗೆ ಪ್ರವೇಶ ಸಿಗುವುದಿಲ್ಲ. ನೆಂಟರಿಗೂ ರಿಯಾಯಿತಿ ಇಲ್ಲ. ಒಂದೇ ಕೆಲಸಕ್ಕೆ ಮೀಸಲಾದ, ನಡುವೆ ಕಡಿಯದ ಹೊತ್ತು ಎಂಬುದನ್ನು ನಗರದ ಕಚೇರಿಗಳು ಈಗ ಹೊಸ ವಿದ್ಯೆಯಂತೆ ಕಲಿಯುತ್ತಿವೆ. ಇಲ್ಲಿ ಅದು ಮನೆಯ ಕಟ್ಟುಪಾಡು.

ಜ್ವರಕ್ಕೆ ಕೂತ ಹುಳ

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ರೈತರ ಮಾತಿನಲ್ಲಿ ಇದು ‘ಜ್ವರ’. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಅಲುಗದೆ ಇರುತ್ತದೆ, ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಆಗ ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಹುಳವನ್ನು ಕದಲಿಸುವಂತಿಲ್ಲ, ಅವಸರಪಟ್ಟು ಸೊಪ್ಪು ಹಾಕುವಂತಿಲ್ಲ. ಹೆಚ್ಚುಕಡಿಮೆ ಎಲ್ಲವೂ ಜ್ವರದಿಂದ ಎದ್ದ ಮೇಲೆಯೇ ಮುಂದಿನ ಮೇವು. ಮುಂಚೆ ಹಾಕಿದರೆ ಎದ್ದವು ತಿಂದು ಬೆಳೆದು, ಏಳದವು ಹಿಂದೆ ಬಿದ್ದು, ಇಡೀ ಬೆಳೆ ಏರುಪೇರಾಗುತ್ತದೆ.

ನಾಲ್ಕನೇ ಜ್ವರದ ನಂತರದ ವಾರದಲ್ಲಿ ಹುಳ ತನ್ನ ಆಯುಸ್ಸಿನ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ತಿನ್ನುತ್ತದೆ. ಆ ವಾರ ಮನೆಮಂದಿಗೆ ಬೇರೆ ಕೆಲಸವೇ ಇಲ್ಲ. ಆಮೇಲೆ ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುತ್ತಾರೆ. ಅದು ಎರಡು ಮೂರು ದಿನ ತಲೆಯಾಡಿಸುತ್ತ ಒಂದೇ ಎಳೆಯನ್ನು ನೂಲುತ್ತದೆ. ಒಳ್ಳೆಯ ದ್ವಿತಳಿ ಗೂಡಿನ ಎಳೆ ಸಾವಿರ ಮೀಟರಿನ ಆಸುಪಾಸು ಇರುತ್ತದೆ. ಈ ಹೊತ್ತಿನಲ್ಲಿ ಚಂದ್ರಿಕೆ ಅಲುಗಾಡಿದರೆ ಎಳೆ ಕಡಿಯುತ್ತದೆ, ಅದರ ಬೆಲೆ ನೂಲು ಬಿಚ್ಚುವಾಗ ತಿಳಿಯುತ್ತದೆ.

ಬಾಗಿಲ ಕಟ್ಟುನಿಟ್ಟಿಗೆ ಮುಖ್ಯ ಕಾರಣ ರೋಗದ ಭಯ, ಏಕಾಗ್ರತೆ ಅಲ್ಲ ಎಂಬುದನ್ನು ಹೇಳಿಬಿಡಬೇಕು. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನೊಂದಿಗೆ ಹುಳವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಕಿಟಕಿ ಬಾಗಿಲಿಗೆ ಬಲೆಯೂ ಬಿತ್ತು. ಆದರೂ ನನಗೆ ಇಲ್ಲಿ ಕಾಣುವುದು ಬೇರೆ: ‘ಈಗ ಬೇಡ’ ಎನ್ನುವ ಕೆಲಸ ಹುಳ ಸಾಕುವವರ ಮೇಲೆ ಬಿದ್ದಿಲ್ಲ, ಬಾಗಿಲೇ ಅದನ್ನು ಹೇಳುತ್ತದೆ. ಕೇಳಿದವರು ಮುನಿಸಿಕೊಳ್ಳುವುದೂ ಇಲ್ಲ.

ಕಡಿದ ಗಮನ

ಮನುಷ್ಯರ ಗಮನಕ್ಕೂ ಎಳೆಯ ಗುಣವಿದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದು, ಮುಂದಿನ ಕೆಲಸ ಮಂದವಾಗುತ್ತದೆ ಎಂದು ಸೋಫಿ ಲೆರಾಯ್ 2009ರ ಸಂಶೋಧನೆಯಲ್ಲಿ ತೋರಿಸಿದರು. ಹಾಗಾಗಿ ಅರ್ಧ ನಿಮಿಷದ ಕರೆ ತಿನ್ನುವುದು ಅರ್ಧ ನಿಮಿಷವನ್ನಷ್ಟೇ ಅಲ್ಲ.

ಮಾಲೂರಿನವರು, ಮುಳಬಾಗಿಲಿನವರು

ಕಡಿದ ಹೊತ್ತು ಬರಹವನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಈ ಜಿಲ್ಲೆಯ ಇಬ್ಬರು ಲೇಖಕರನ್ನು ನೋಡಬಹುದು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಸಣ್ಣಕಥೆಗಳನ್ನು ಬರೆದರು. 1943ರಲ್ಲಿ ಕೆಲಸ ಬಿಟ್ಟರು. ಅವರ ದೊಡ್ಡ ಐತಿಹಾಸಿಕ ಕಾದಂಬರಿಗಳಾದ ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಬಂದದ್ದು ಆಮೇಲೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪ ಪತ್ರಿಕೆ, ಸಭೆ, ಸಾರ್ವಜನಿಕ ಕೆಲಸಗಳ ನಡುವೆ ಬದುಕಿದವರು. ಅವರ ಅತಿ ಪ್ರಸಿದ್ಧ ಕೃತಿ ‘ಮಂಕುತಿಮ್ಮನ ಕಗ್ಗ’ ನಾಲ್ಕು ಸಾಲಿನ ಬಿಡಿ ಪದ್ಯಗಳದು. ಸಿಕ್ಕ ಹೊತ್ತಿನ ಉದ್ದವೇ ಬರಹದ ಉದ್ದವನ್ನು ಗೊತ್ತುಮಾಡಿತೇ? ಹಾಗೆ ಸಾಧಿಸಲು ಬಾರದು, ಆದರೆ ಈ ಅನುಮಾನ ನನ್ನನ್ನು ಬಿಟ್ಟಿಲ್ಲ.

ಸೈರನ್ ಕೂಗುವ ಊರು

ಬಾಗಿಲಿನ ಕೆಲಸವನ್ನು ಒಂದು ಊರೇ ಹೊತ್ತುಕೊಂಡದ್ದೂ ಉಂಟು. ಬೆಳಗಾವಿ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಬಂದ್. ಮಕ್ಕಳು ಓದಲು ಕೂರುತ್ತಾರೆ. ಕೊರೊನಾ ಕಾಲದ ಆನ್‌ಲೈನ್ ಪಾಠಗಳಿಂದ ಮಕ್ಕಳ ಕೈಗೆ ಅಂಟಿದ ಫೋನನ್ನು ಬಿಡಿಸಲು ಹುಟ್ಟಿದ ಉಪಾಯ ಇದು. ದೊಡ್ಡವರ ಸೀರಿಯಲ್ಲೂ ನಿಲ್ಲುತ್ತದೆ ಎಂಬುದೇ ಇದರ ಗಟ್ಟಿತನ. ನಡುಮನೆಯಲ್ಲಿ ಧಾರಾವಾಹಿ ಹಾಕಿಕೊಂಡು ಎಸ್‌ಎಸ್‌ಎಲ್‌ಸಿ ಹುಡುಗನಿಗೆ ‘ಗಮನ ಕೊಟ್ಟು ಓದು’ ಎನ್ನುವ ಮನೆಗಳು ನಮ್ಮಲ್ಲೇನು ಕಡಿಮೆಯೇ?

ಮಂಡಿಯ ಕರೆ, ಕರೆಂಟಿನ ಪಾಳಿ

ಫೋನನ್ನು ಪೂರ್ತಿ ಮುಚ್ಚಿಡುವುದು ತಾಯಲೂರಿನ ಕಡೆ ನಡೆಯದು. ವಡ್ಡಹಳ್ಳಿಯ ಮಾರುಕಟ್ಟೆಗೆ ಟೊಮೆಟೊ ಕಳಿಸಿದವರು ಹರಾಜಿನ ಹೊತ್ತಿಗೆ ಮಂಡಿಯ ಕರೆ ಎತ್ತಲೇಬೇಕು, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದವರೂ ಅಷ್ಟೇ. ಅವರಿಗೆ ಒಪ್ಪುವುದು ಹರಾಜು ಮುಗಿದ ನಂತರದ ಗಂಟೆಗಳನ್ನು ಕಾಪಾಡಿಕೊಳ್ಳುವ ದಾರಿ.

ಇಲ್ಲಿ ಹೊತ್ತು ಕಡಿಯುವ ಹಳೆಯ ವೈರಿ ಕರೆಂಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಪಾಳಿಯಲ್ಲಿ, ಎಷ್ಟೋ ಸಲ ನಡುರಾತ್ರಿ. ಕೆರೆ ಕಾಲುವೆಗಳನ್ನು ಬಿಟ್ಟು ಕೊಳವೆಬಾವಿಗೆ ಜೋತುಬಿದ್ದ ಈ ಜಿಲ್ಲೆಯಲ್ಲಿ ರೈತರು ಟಾರ್ಚು ಹಿಡಿದು ಎದ್ದು ಹೋಗಿ ಮೋಟಾರ್ ಹಾಕಿದ ರಾತ್ರಿಗಳಿಗೆ ಲೆಕ್ಕವಿಲ್ಲ. ಈಗ ಸಿಮ್ ಹಾಕಿದ ಸ್ಟಾರ್ಟರ್ ಪೆಟ್ಟಿಗೆಗಳು ಬಂದಿವೆ. ಹಾಸಿಗೆಯಲ್ಲೇ ಮಲಗಿ ಮೊಬೈಲಿನಿಂದ ಮೋಟಾರ್ ಚಾಲೂ ಮಾಡಿ, ಮಗ್ಗುಲು ಬದಲಿಸಿ ಮತ್ತೆ ಮಲಗಬಹುದು.