ಅಮೀನ ಬಂದಾಗ ಮುಚ್ಚುವ ಬಾಗಿಲು

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿ ಆಡುವ ಮಾತು ಹೆಚ್ಚಾಗಿ ದಖನಿ ಉರ್ದು. ಕೋರ್ಟಿನಿಂದ ಬರುವ ಕಾಗದ ಕನ್ನಡದ್ದು, ಇಲ್ಲವೇ ಇಂಗ್ಲಿಷಿನದು. ಆದರೆ ಅದರ ಜೊತೆ ಬರುವ ಪದಗಳನ್ನು ನೋಡಿ: ದಾವೆ, ವಕಾಲತ್ತು, ವಾಯಿದೆ, ಬಾಕಿ, ವಸೂಲಿ, ಜಪ್ತಿ. ಎಲ್ಲವೂ ಅರಬ್ಬಿ, ಫಾರಸಿಯಿಂದ ಬಂದು ಕನ್ನಡವಾದವು. ಗೂಡು ಬೇಯಿಸುವ ನಮ್ಮ ಅಜ್ಜಿಯರಿಗೂ ಗೊತ್ತಿದ್ದವು. ಆದರೂ ಕೋರ್ಟಿನ ಅಮೀನ ಬಂದರೆ "ಗಂಡಸರು ಮನೇಲಿಲ್ಲ" ಎಂದು ಬಾಗಿಲು ಹಾಕಿಕೊಳ್ಳುವುದೇ ನಮ್ಮ ರೂಢಿ.

ಈ ಮೌನ ಹಳೆಯದು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಕಾರಣ ಹುಡುಕಲು ಹೋದ ಆಯೋಗಕ್ಕೆ, ಸಾಲದ ದಾವೆಗಳಲ್ಲಿ ಬಹುಪಾಲು ಏಕಪಕ್ಷೀಯವಾಗಿ ಮುಗಿದಿದ್ದು ಕಂಡಿತು. ಪತ್ರದಲ್ಲಿ ತನ್ನದೇ ಹೆಬ್ಬೆಟ್ಟಿರುವಾಗ ಹೋಗಿ ಏನು ಹೇಳಲಿ ಎಂದು ರೈತ ಕೋರ್ಟಿಗೇ ಹೋಗಿರಲಿಲ್ಲ. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಅವನನ್ನು ಕರೆಸಿ ವಿಚಾರಿಸಬೇಕೆಂದಿತು. ಪತ್ರವನ್ನಷ್ಟೇ ನಂಬದೆ ವಹಿವಾಟಿನ ಮೊದಲಿನಿಂದ ಲೆಕ್ಕ ತೆಗೆಯಬೇಕೆಂದಿತು. ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ರೈತರಿಗೆ ಇಂಥ ಕಾಯ್ದೆ ದಕ್ಕಿದ್ದು 1928ರಲ್ಲಿ. 1976ರಲ್ಲಿ ದೇವರಾಜ ಅರಸು ಸರ್ಕಾರ ಬಡವರ ಖಾಸಗಿ ಸಾಲಗಳನ್ನೇ ಕಾಯ್ದೆಯಿಂದ ತೀರಿಸಿತು.

ಆಮೇಲೆ ಬಂದದ್ದು ಕಿರುಸಾಲದ ಕಾಲ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಅಂಜುಮನ್ ಸಮಿತಿಗಳು ಮುಸ್ಲಿಂ ಮಹಿಳೆಯರಿಗೆ ಕಂತು ಕಟ್ಟಬೇಡಿ ಎಂದು ತಾಕೀತು ಮಾಡಿದವು. ಸಿಟ್ಟಿಗೆ ಕಾರಣವಿತ್ತು. ಒಬ್ಬೊಬ್ಬಳ ತಲೆಯ ಮೇಲೆ ಹಲವು ಸಂಸ್ಥೆಗಳ ಸಾಲ, ವಾರವಾರದ ವಸೂಲಿ, ಬಡ್ಡಿ. ಆದರೆ ತಾಕೀತು ಮಾಡಿದ ಹಿರಿಯರ ಸಹಿ ಆ ಪತ್ರಗಳಲ್ಲಿರಲಿಲ್ಲ, ಹೆಂಗಸರದ್ದಿತ್ತು. ಅಂಜುಮನ್ನಿನ ಮಾತು ಕೋರ್ಟಿನಲ್ಲಿ ಜವಾಬಾಗುವುದಿಲ್ಲ. ಸಾಲವನ್ನು ಸಾಕ್ಷಿ ಸಮೇತ ಬರೆದಿಡಿ ಎನ್ನುವುದೇ ಕುರ್‌ಆನಿನ ಅತಿ ಉದ್ದದ ವಚನ. ಅದನ್ನು ಓದುವ ನಾವೇ ಕಂತಿನ ರಸೀತಿ ಎತ್ತಿಡುವುದಿಲ್ಲ.

ಉತ್ತರ ಕೊಡುವುದೆಂದರೆ ಸಾಲವೇ ಇಲ್ಲವೆಂದು ಸುಳ್ಳು ಹೇಳುವುದಲ್ಲ. ಅಸಲೆಷ್ಟು, ಕಟ್ಟಿದ್ದೆಷ್ಟು, ದಂಡ ಬಡ್ಡಿ ಯಾವ ಕರಾರಿನದು ಎಂದು ಕೇಳುವುದು. ಸಾಮಾನ್ಯ ದಾವೆಯಲ್ಲಿ ಲಿಖಿತ ಜವಾಬಿಗೆ 30 ದಿನ, ನ್ಯಾಯಾಧೀಶರು ಒಪ್ಪಿದರೆ 90ರವರೆಗೆ. ಪ್ರಾಮಿಸರಿ ನೋಟಿನ ಮೇಲೆ ಸಂಕ್ಷಿಪ್ತ ದಾವೆ ಹೂಡಿದ್ದರೆ ಹಾಜರಾಗಲು ಹತ್ತೇ ದಿನ. ಹಾಗಾಗಿ ಸಮನ್ಸ್ ಕೈಗೆ ಬಂದ ತಾರೀಖನ್ನು ಅದರ ಮೇಲೇ ಬರೆದಿಡಬೇಕು. ಗೈರುಹಾಜರಿಯಲ್ಲಿ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದು ಮಾಡಿಸುವ ಅರ್ಜಿಗೂ 30 ದಿನವೇ.

ಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಅದು ಮುಗಿಯುವ ಹೊತ್ತಿಗೆ ವಸೂಲಿಗೆ ಬಂದವನು "ನೂರು ರೂಪಾಯಿ ಕೊಟ್ಟು ಇಲ್ಲೊಂದು ಸಹಿ ಹಾಕಮ್ಮ" ಎನ್ನುತ್ತಾನೆ. ಆ ಸಹಿಯಿಂದ ಮೂರು ವರ್ಷ ಹೊಸದಾಗಿ ಶುರು. ಇದನ್ನು ನಮ್ಮ ಹೆಂಗಸರಿಗೆ ಹೇಳಿದವರು ಕಡಿಮೆ.

ಭಯದ ಮಾತೂ ಇದೆ. ಹಣದ ಡಿಕ್ರಿಗಾಗಿ ಹೆಂಗಸನ್ನು ಜೈಲಿಗೆ ಹಾಕುವಂತಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು. ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ ಎನ್ನುತ್ತದೆ 60ನೆಯದು (ಅಡವಿಟ್ಟಿದ್ದರೆ ಬೇರೆ ಮಾತು). ಕಂತಿನಲ್ಲಿ ಕಟ್ಟಲು ಕೋರ್ಟನ್ನೇ ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಅರ್ಜಿ ಕೊಡಬೇಕಾದ್ದು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ.

ಪರಿಚಯದ ಒಬ್ಬ ಖಾಲಾ ಒಮ್ಮೆ ಸಮನ್ಸ್ ಹಿಡಿದು ಬಂದರು. "ಓದಬೇಡ ಬೇಟಾ, ಇದನ್ನು ಎಲ್ಲಿ ಬಚ್ಚಿಡಲಿ ಹೇಳು" ಎಂದರು. ರಸೀತಿಗಳಿವೆಯಾ ಎಂದು ಕೇಳಿದೆವು. ಮನೆಗೆ ಹೋಗಿ ಅಕ್ಕಿ ಡಬ್ಬದ ತಳದಿಂದ ಗಂಟೊಂದನ್ನು ತಂದರು. ಹದಿನಾರು ರಸೀತಿಗಳಿದ್ದವು. ದಾವೆಯ ಲೆಕ್ಕದಲ್ಲಿ ಬಂದಿದ್ದು ಹನ್ನೊಂದು ಕಂತು. ಖಾಲಾ ಎರಡು ಸಲ ಎಣಿಸಿ, ಬುರ್ಖಾ ಸರಿಮಾಡಿಕೊಂಡು, ಕೋರ್ಟು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರು.