ಅಡುಗೆಮನೆಯ ಗಾಳಿ ಮತ್ತು ಅದನ್ನು ಅಳೆಯುವ ಕಿರುಸಾಧನಗಳು

ಕ್ರಿ.ಶ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ನನು ದಕ್ಷಿಣ ಕನ್ನಡದಲ್ಲಿ ಸಂಚರಿಸುತ್ತ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದುಹೋದನು. 1807ರಲ್ಲಿ ಲಂಡನ್ನಿನಿಂದ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಪ್ರವಾಸಕಥನದಲ್ಲಿ ಈ ಸೀಮೆಯ ಭೂಮಿ, ಬೆಳೆ, ಕಂದಾಯಗಳ ವಿವರಗಳು ದೊರೆಯುತ್ತವೆ. ಮೂಡುಬಿದಿರೆಯ ಬಸದಿಗಳ ಶಾಸನಗಳು ದಾನದತ್ತಿಗಳನ್ನು ತಿಳಿಸುತ್ತವೆ. ಆದರೆ ಈ ಊರುಗಳ ಹೆಂಗಸರು ಒಲೆಯ ಮುಂದೆ ಕುಳಿತು ಎಂತಹ ಗಾಳಿಯನ್ನು ಉಸಿರಾಡಿದರೆಂಬುದನ್ನು ಅಳೆಯುವ ಸಾಧನವು ಅಂದು ಯಾರಲ್ಲಿಯೂ ಇರಲಿಲ್ಲ. ಅಳೆಯದ ವಸ್ತುವಿಗೆ ದಾಖಲೆಯೂ ಇರದು. ಕ್ಷಣದಲ್ಲಿ ಕೊಲ್ಲುವ ಗಾಳಿಗೆ ಮೊದಲು ಕಾವಲು ದೊರೆಯಿತು. ಮೆಲ್ಲಮೆಲ್ಲನೆ ಆರೋಗ್ಯವನ್ನು ಕೆಡಿಸುವ ಮನೆಯೊಳಗಿನ ಗಾಳಿಯು, ಸಾಧನವು ಚಿಕ್ಕದಾಗುವವರೆಗೂ ಕಾಯಬೇಕಾಯಿತು. ಇದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ತುಳುನಾಡಿನ ಹಳೆಯ ಮನೆಗಳಲ್ಲಿ ಸೌದೆ, ತೆಂಗಿನ ಸಿಪ್ಪೆ, ಗರಟ, ಒಣಮಡಲುಗಳೇ ಉರುವಲು. ಮಳೆಗಾಲದಲ್ಲಿ ಸೌದೆಯು ತೇವಗೊಂಡು ಹೊಗೆ ಹೆಚ್ಚುತ್ತಿದ್ದಿತು. ಅದೇ ಕಾಲದಲ್ಲಿ ಬಾಗಿಲುಗಳನ್ನೂ ಮುಚ್ಚಬೇಕಾಗುತ್ತಿದ್ದಿತು. ಹೊಗೆಯಿಂದ ಪ್ರಯೋಜನವೂ ಇದ್ದಿತೆಂಬುದನ್ನು ಮರೆಯಲಾಗದು. ಅಟ್ಟದ ಮೇಲಿನ ಬೀಜಕ್ಕೆ ಹುಳು ಹಿಡಿಯದಂತೆ ಅದು ಕಾಪಾಡುತ್ತಿದ್ದಿತು. ಹೊಗೆಯ ಅತಿರೇಕಕ್ಕೆ ಕಣ್ಣುರಿ, ಕೆಮ್ಮುಗಳೇ ಅಳತೆಗೋಲು. ಈ ಅಳತೆಗೋಲು ಅಪೂರ್ಣವಾದುದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಶ್ವಾಸಕೋಶದ ಆಳಕ್ಕಿಳಿಯುವ 2.5 ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳು ಒಂದೊಂದಾಗಿ ಕಣ್ಣಿಗೆ ಕಾಣವು.

ಗಾಳಿಯ ಪರೀಕ್ಷೆ ಮೊದಲು ಬೇರೂರಿದುದು ಗಣಿಗಳಲ್ಲಿ. 1815ರಲ್ಲಿ ಹಂಫ್ರಿ ಡೇವಿಯು ರಚಿಸಿದ ದೀಪದ ಜ್ವಾಲೆಯು ಸ್ಫೋಟಕ ಅನಿಲದ ಸುಳಿವನ್ನು ಕೊಡುತ್ತಿದ್ದಿತು. 1896ರ ಗಣಿದುರಂತವೊಂದನ್ನು ಪರಿಶೀಲಿಸಿದ ಜೆ. ಎಸ್. ಹಾಲ್ಡೇನನು ಸಣ್ಣ ಪ್ರಾಣಿಗಳನ್ನು ಮುನ್ಸೂಚಕಗಳಾಗಿ ಬಳಸಲು ಸೂಚಿಸಿದನು. ಈ ಕಾರ್ಯಕ್ಕೆ ಬಂದ ಕ್ಯಾನರಿ ಹಕ್ಕಿಯು ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಉಳಿಯಿತು. ಇವು ಎಚ್ಚರಿಕೆ ನೀಡಿದವೇ ಹೊರತು ದಿನವಿಡೀ ಲೆಕ್ಕವಿಡಲಿಲ್ಲ.

1962ರಲ್ಲಿ ಜಪಾನಿನ ಸೇಯಾಮಾ ಸತುವಿನ ಆಕ್ಸೈಡಿನಿಂದಲೂ ತಾಗುಚಿ ತವರದ ಆಕ್ಸೈಡಿನಿಂದಲೂ ಅನಿಲವನ್ನು ಗುರುತಿಸುವ ಮಾರ್ಗವನ್ನು ತೋರಿದರು. ಕಾದ ಆಕ್ಸೈಡಿನ ಮೇಲ್ಮೈಗೆ ಅಂಟಿದ ಆಮ್ಲಜನಕವು ಇಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದರಿಂದ ವಿದ್ಯುದ್ರೋಧವು ಹೆಚ್ಚುತ್ತದೆ; ಕಾರ್ಬನ್ ಮಾನಾಕ್ಸೈಡು ಆ ಆಮ್ಲಜನಕದೊಡನೆ ಕೂಡಿದಾಗ ಇಲೆಕ್ಟ್ರಾನುಗಳು ಮರಳಿ, ರೋಧವು ಇಳಿಯುತ್ತದೆ. ಸಂವೇದಕವು ಕಿರಿದಾದಷ್ಟೂ ಅದನ್ನು ಕಾಯಿಸುವ ವಿದ್ಯುತ್ತಿನ ವೆಚ್ಚ ಕಡಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂತಹ ಅನಿಲ ಸಂವೇದಕಗಳನ್ನು ರೂಪಿಸಿದ ಪ್ರೊಫೆಸರ್ ನವಕಾಂತ ಭಟ್ಟರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿತು. ಕಣಗಳನ್ನಾದರೋ, ಅವು ಚದರಿಸುವ ಬೆಳಕಿನಿಂದ ಎಣಿಸುತ್ತಾರೆ.

ಭಾರತದ ಅಡುಗೆಮನೆಯ ಅಳತೆಗೆ ಕರ್ಕ್ ಸ್ಮಿತ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಮೈಲಿಗಲ್ಲು. ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಗಾಳಿಪಂಪು ಮತ್ತು ಸೋಸುಕಗಳನ್ನು ಮೈಮೇಲೆಯೇ ಧರಿಸಿದ್ದರು. ಸೋಸುಕವು ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತಿದ್ದಿತು. ಇಂದಿನ ಸಂವೇದಕವು ನಿಮಿಷನಿಮಿಷದ ಏರಿಳಿತವನ್ನೂ ಬರೆದಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಕ್ಷ್ಮಕಣಗಳಿಗೆ ಘನಮೀಟರಿಗೆ 15 ಮೈಕ್ರೋಗ್ರಾಮುಗಳ ದಿನಸರಾಸರಿ ಮಿತಿಯನ್ನು ಸೂಚಿಸಿದೆ.

ನಮ್ಮ ಸೀಮೆಯ ಒಲೆಯೂ ಬದಲಾಗಿದೆ. ಬೆಳ್ತಂಗಡಿ ತಾಲೂಕಿನಲ್ಲಿ 1982ರಲ್ಲಿ ಮೊದಲಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಗೋಬರ್ ಅನಿಲಕ್ಕೆ ನೆರವಾಯಿತು. 2016ರ ಉಜ್ವಲಾ ಯೋಜನೆಯು ದೇಶದ ಬಡ ಕುಟುಂಬಗಳಿಗೆ ಅನಿಲಸಂಪರ್ಕ ಒದಗಿಸಿತು. ಆದರೂ ಅಡುಗೆಗೆ ಅನಿಲ, ಬಚ್ಚಲ ಹಂಡೆಗೆ ಸೌದೆ ಎಂಬ ಮನೆಗಳು ಇಂದಿಗೂ ಉಂಟು. ಒಲೆ ಬದಲಾದುದರಿಂದ ಗಾಳಿ ಎಷ್ಟು ಬದಲಾಯಿತೆಂಬುದನ್ನು ಅಳೆದೇ ಹೇಳಬೇಕು.

ಇಲ್ಲಿ ಆಕರವಿಮರ್ಶೆಯ ಅಗತ್ಯವೂ ಇದೆ. ಕರಾವಳಿಯ ತೇವದಲ್ಲಿ ಕಣಗಳು ನೀರನ್ನು ಹೀರಿ ಉಬ್ಬುವುದರಿಂದ ಬೆಳಕಿನ ಸಂವೇದಕವು ಹೆಚ್ಚಿನ ಅಂಕಿಯನ್ನು ತೋರಬಹುದು. ಆಕ್ಸೈಡು ಒಂದು ಅನಿಲವನ್ನು ಮತ್ತೊಂದೆಂದು ಗ್ರಹಿಸಬಹುದು. ಶಾಸನದ ಕಾಲವನ್ನೂ ಲಿಪಿಯನ್ನೂ ಪರೀಕ್ಷಿಸುವಂತೆ ಈ ಅಂಕಿಗಳನ್ನೂ ಪರೀಕ್ಷಿಸತಕ್ಕುದು. ಕಾಲೇಜುಗಳ ವಿಜ್ಞಾನ ಮತ್ತು ಇತಿಹಾಸ ವಿಭಾಗಗಳು ಜೊತೆಗೂಡಿ, ಮನೆಯವರ ಒಪ್ಪಿಗೆ ಪಡೆದು, ದಿನಾಂಕ, ಋತು, ಉರುವಲು, ಕೋಣೆಯ ವಿಸ್ತಾರ, ಸಂವೇದಕದ ಬಗೆ ಇವುಗಳೊಡನೆ ಅಳತೆಗಳನ್ನು ಕಾಯ್ದಿಡಲೆಂಬುದು ನಮ್ಮ ಸೂಚನೆ. ಹಾಗಾದಲ್ಲಿ ಭೂಮಿ ಕಂದಾಯಗಳಿಗಿರುವಂತೆ, ಒಲೆಯ ಮುಂದೆ ಕಳೆದ ಬದುಕಿಗೂ ಮುಂದಿನ ಇತಿಹಾಸಕಾರನಿಗೆ ಆಧಾರವೊಂದು ದೊರೆಯುವುದು.